‘ನೋಡುವ’ ಅನ್ನುವುದನ್ನು ಬಿಟ್ಟ ಮೇಲೆ

ಉಡುಪಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಒಂದು ಆಫ್‌ಸೆಟ್ ಮಷೀನು, ಆರು ಜನ. ನವೆಂಬರಿನಿಂದ ಮೇ ಕೊನೆಗೆ ಭೂತಕೋಲ, ಯಕ್ಷಗಾನ ನಿಲ್ಲುವ ಪತ್ತನಾಜೆವರೆಗೆ ಪುರುಸೊತ್ತೇ ಇಲ್ಲ: ಮದುವೆ ಕಾಗದ, ಕೋಲದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್. ಮಳೆ ಹಿಡಿದರೆ ಕೆಲಸವೂ ಕಮ್ಮಿ, ಕಾಗದವೂ ತೇವ ಹೀರಿ ಮುದುಡುತ್ತದೆ.

2020ರ ಮಾರ್ಚ್‌ನಲ್ಲಿ, ಸೀಸನ್ನಿನ ನಡುವೆಯೇ ಲಾಕ್‌ಡೌನ್ ಬಂತು. ಕಟ್ಟು ಕಟ್ಟಿಟ್ಟ ಮದುವೆ ಕಾಗದಗಳ ತಾರೀಕೇ ಸುಳ್ಳಾಯಿತು. ಆಮೇಲೆ ಮದುವೆಗೆ ಐವತ್ತೇ ಜನ ಅಂದರು. ಐವತ್ತು ಕಾಗದಕ್ಕೆ ಆಫ್‌ಸೆಟ್ ಓಡಿಸಿದರೆ ಪ್ರತಿ ಕೆಲಸಕ್ಕೂ ಬೇರೆ ಮಾಡಿಸಬೇಕಾದ ಪ್ಲೇಟಿನ ದುಡ್ಡೂ ಹುಟ್ಟುವುದಿಲ್ಲ. ಡಿಜಿಟಲ್ ಮಷೀನು ಕೊಳ್ಳುವುದಾ, ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ಲೆಕ್ಕ ಹಾಕುತ್ತಾ ಕೂತೆ.

2020ರ ಏಪ್ರಿಲ್ 1ಕ್ಕೆ ಮಣಿಪಾಲದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸೇರಿಹೋಗಿದ್ದವು. ನಮ್ಮ ಕಡೆಯ ಎಷ್ಟೋ ಅಂಗಡಿಗಳ ಖಾತೆ ಅಲ್ಲೇ. 2021ರಲ್ಲಿ, ಖಾತೆಗೆ ದುಡ್ಡು ಕಳಿಸಲು ಬೇಕಾಗುವ ಹಳೇ ಐಎಫ್‌ಎಸ್‌ಸಿ ನಂಬರುಗಳು ನಿಲ್ಲುವುದಿತ್ತು. ನಮ್ಮ ಡಿಟಿಪಿ ಹುಡುಗಿ ಹೇಳಿದಳು: “ಅಣ್ಣ, ಎಲ್ಲರ ಬಿಲ್ ಬುಕ್ಕಿನಲ್ಲಿ ಹಳೇ ನಂಬರ್ ಉಂಟಲ್ಲ? ಹೊಸ ಬುಕ್ ಬೇಡ ಅನ್ನುವವರಿಗೆ ಸ್ಟಿಕ್ಕರ್ ಮಾಡಿ ಕೊಡುವ.”

“ನೋಡುವ” ಅಂದೆ; ನಮ್ಮ ಕಡೆ ಅಂದರೆ ನೋಡೋಣ. ನೋಡುವಷ್ಟರಲ್ಲಿ ಎರಡು ವಾರ ಹೋಯಿತು. ಇಬ್ಬರು ಹಳೇ ಗಿರಾಕಿಗಳು ಬೇರೆ ಕಡೆ ಮಾಡಿಸಿಕೊಂಡರು.

ಅದು ಚುಚ್ಚಿತು. ರೇಟು, ಪ್ರೂಫು, ಡೆಲಿವರಿ ತಾರೀಕು, ಎಲ್ಲಕ್ಕೂ ನಾನು ಹೂಂ ಅನ್ನಬೇಕು. ನಾನೋ, ಬಾಕಿ ವಸೂಲಿಗೆ ಸ್ಕೂಟರ್ ಮೇಲೆ ಊರೂರು. ಪ್ರೆಸ್ಸು ನಿಧಾನವಾದದ್ದು ಮಷೀನಿನಿಂದ ಅಲ್ಲ, ನನ್ನಿಂದ.

ಐದು ಸಾವಿರ ರೂಪಾಯಿಯೊಳಗಿನ ಕೆಲಸಕ್ಕೆ ನನ್ನನ್ನು ಕೇಳಬೇಡಿ ಅಂದೆ. ಬೆಳಿಗ್ಗೆ ಒಂಬತ್ತಕ್ಕೆ ಮಷೀನಿನ ಪಕ್ಕ ಹತ್ತು ನಿಮಿಷ ನಿಂತು, ಯಾವ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಅಂತ ಮಾತಾಡುವುದು. ಕುರ್ಚಿ ಇಲ್ಲ. ಕೂತರೆ ಚಾ ಬರುತ್ತದೆ, ಅರ್ಧ ಗಂಟೆ ಹೋಗುತ್ತದೆ. ಮೊದಲ ತಿಂಗಳೇ ಕೌಂಟರಿನ ಹುಡುಗ ಕ್ರೀಸಿಂಗ್, ಅಂದರೆ ಮಡಿಸುವ ಗೆರೆ ಒತ್ತುವ ಖರ್ಚು ಸೇರಿಸದೆ ರೇಟು ಹೇಳಿ 1,800 ರೂಪಾಯಿ ಕಳೆದ. ಬಾಯಿ ಮುಚ್ಚಿ ಕೂತೆ. ಸುಲಭ ಅಲ್ಲ ಮಾರಾಯ್ರೆ!

ಸ್ಟಿಕ್ಕರ್ ಕೆಲಸ 2021ರ ಜೂನ್‌ವರೆಗೂ ನಡೆಯಿತು. ಸಣ್ಣ ಮದುವೆಯ ಕಾಗದವನ್ನು ಬೇರೆಯವರ ಡಿಜಿಟಲ್ ಮಷೀನಿನಲ್ಲಿ ತೆಗೆಸುತ್ತೇವೆ. ಮಡಿಸಿ ರಿಬ್ಬನ್ ಕಟ್ಟುವುದು ನಮ್ಮ ಬೈಂಡಿಂಗ್ ಅಕ್ಕ. ಅದು ಅವರದೇ ಯೋಚನೆ. ಮಷೀನು ನಾನು ಕೊಳ್ಳಲೇ ಇಲ್ಲ.

ಈಗ ಐದು ಸಾವಿರವನ್ನು ಹತ್ತು ಮಾಡಿ ಅಂತ ಕೇಳುತ್ತಿದ್ದಾರೆ. ನೋಡುವ ಅಂದಿದ್ದೇನೆ.