ಜಪಾನಿನ ಹಳ್ಳಿ ಶಾಲೆಗೆ ಪ್ರಿನ್ಸಿಪಾಲರಾಗಿ ಬರುವವರಿಗೆ

ಜಪಾನಿನ ಹಳ್ಳಿ ಕಡೆ ಶಾಲೆ ನಡೆಸಲು ಬರುವ ಕನ್ನಡಿಗರು ಬೆರಳೆಣಿಕೆಯಷ್ಟು. ಆದರೂ ಈಚೆಗೆ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ನಾನು ತುಮಕೂರು ಕಡೆ ಪಾಠ ಮಾಡಿಕೊಂಡಿದ್ದವಳು. ಈಗ ನಾಗಾನೊ ಪ್ರಾಂತ್ಯದ ಬೆಟ್ಟದ ಸೀಮೆಯಲ್ಲಿ ಒಂದು ಚಿಕ್ಕ ಖಾಸಗಿ ಶಾಲೆ ನೋಡಿಕೊಳ್ಳುತ್ತಿದ್ದೇನೆ. ಬರುವ ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನಿನ ಮಾತು. ಸರ್ಕಾರಿ ಶಾಲೆಯ ಪ್ರಿನ್ಸಿಪಾಲ್ ಹುದ್ದೆಗೆ ಜಪಾನಿನ ಪೌರತ್ವ ಬೇಕು. 1991ರಿಂದ ವಿದೇಶಿಯರನ್ನೂ ಸರ್ಕಾರಿ ಶಾಲೆಯಲ್ಲಿ ಕಾಯಂ ಪಾಠಕ್ಕೆ ತೆಗೆದುಕೊಳ್ಳುತ್ತಾರೆ, ಆದರೆ ಆಡಳಿತದ ಹುದ್ದೆಗೆ ಬಡ್ತಿ ಇಲ್ಲ. 2000ದಲ್ಲಿ ಇನ್ನೊಂದು ಬದಲಾವಣೆ ಬಂತು. ಶಿಕ್ಷಕರ ಲೈಸೆನ್ಸ್ ಇಲ್ಲದಿದ್ದರೂ ಬೇರೆ ಕೆಲಸದಲ್ಲಿ ಅನುಭವ ಇದ್ದವರನ್ನು ಪ್ರಿನ್ಸಿಪಾಲ್ ಮಾಡಬಹುದು ಎಂದು ನಿಯಮ ತಿದ್ದಿದರು. ಮಹಾರಾಷ್ಟ್ರ ಮೂಲದ ಯೋಗೇಂದ್ರ ಪುರಾಣಿಕ್ ಅವರ ಹೆಸರು ಕೇಳಿರಬಹುದು. ಜಪಾನಿನ ಪೌರತ್ವ ಪಡೆದು, 2019ರಲ್ಲಿ ಟೋಕಿಯೋದ ಎಡೊಗಾವಾ ವಾರ್ಡ್ ಸಭೆಗೆ ಆಯ್ಕೆಯಾಗಿ, ಆಮೇಲೆ ಇಬರಾಕಿ ಪ್ರಾಂತ್ಯ ಅರ್ಜಿ ಕರೆದಾಗ ಹಾಕಿ, 2023ರಲ್ಲಿ ತ್ಸುಚಿಉರಾ ಊರಿನ ಸರ್ಕಾರಿ ಹೈಸ್ಕೂಲಿಗೆ ಪ್ರಿನ್ಸಿಪಾಲ್ ಆದರು. ಭಾರತದ ಪೌರತ್ವ ಬಿಡದ ನಮ್ಮಂಥವರಿಗೆ ಇರುವುದು ಖಾಸಗಿ ಶಾಲೆ, ಇಲ್ಲವೇ ಇಂಟರ್‌ನ್ಯಾಷನಲ್ ಶಾಲೆ. ಎಲ್ಲಿಗೇ ಬನ್ನಿ, ಊರಿನವರ ಪಾಲಿಗೆ ನೀವು ‘ಕೋಚೋ ಸೆನ್ಸೇ’, ಅಂದರೆ ಪ್ರಿನ್ಸಿಪಾಲರು. ಅಂಗಡಿಯಲ್ಲೂ ಅದೇ, ಬಿಸಿನೀರಿನ ಸ್ನಾನಗೃಹದಲ್ಲೂ ಅದೇ.

ಇಲ್ಲಿ ಶಾಲೆಯ ವರ್ಷ ಏಪ್ರಿಲ್ 1ಕ್ಕೆ ಶುರು. ಆಗುವುದಾದರೆ ಫೆಬ್ರವರಿಯಲ್ಲೇ ಬಂದುಬಿಡಿ. ಮನೆ ಸಿಕ್ಕ ಮೇಲೆ 14 ದಿನದೊಳಗೆ ಊರಿನ ಆಫೀಸಿನಲ್ಲಿ ವಿಳಾಸ ಬರೆಸಬೇಕು. ಆರೋಗ್ಯ ವಿಮೆ, ಬ್ಯಾಂಕ್, ಫೋನ್ ಎಲ್ಲ ಅದಾದ ಮೇಲೇ. ಬೇಗ ಬಂದರೆ ಮಾರ್ಚ್‌ನ ಬೀಳ್ಕೊಡುಗೆ ಸಮಾರಂಭವನ್ನು ಅತಿಥಿಯಾಗಿ ಕೂತು ನೋಡಬಹುದು. ಮುಂದಿನ ವರ್ಷ ವೇದಿಕೆ ಮೇಲೆ ನಿಲ್ಲುವವರು ನೀವೇ ಅಲ್ವಾ? ಹೆಜ್ಜೆ ಹೆಜ್ಜೆಗೂ ಕ್ರಮವಿದೆ: ಎಲ್ಲಿ ನಿಂತು ಬಾಗಬೇಕು, ಮೊದಲು ಯಾವ ಕಡೆಗೆ, ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹೇಗೆ ಕೊಡಬೇಕು. ಬಟ್ಟೆಯ ಚಿಂತೆ ಬೇಡ. ನಾನು ಇಳಕಲ್ ಸೀರೆ ಉಡುತ್ತೇನೆ, ಎಲ್ಲರಿಗೂ ಖುಷಿ. ಆದರೆ ಒಳಗೆ ಬೆಚ್ಚಗಿನ ಬನಿಯನ್ ಹಾಕಿಕೊಳ್ಳಿ. ಮಾರ್ಚ್‌ನ ಜಿಮ್ ಹಾಲ್ ಕೊರೆಯುತ್ತದೆ.

ಇನ್ನು ಊಟದ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಶಾಲೆಯಲ್ಲೇ ಅಡುಗೆಯಾಗುವ ಕಡೆ, ಮಕ್ಕಳು ಉಣ್ಣುವುದಕ್ಕೆ ಕನಿಷ್ಠ 30 ನಿಮಿಷ ಮುಂಚೆ ಪ್ರಿನ್ಸಿಪಾಲರ ಕೋಣೆಗೆ ಒಂದು ಟ್ರೇ ಬರುತ್ತದೆ. ಅನ್ನ, ಮಿಸೊ ಸಾರು (ಹುದುಗಿಸಿದ ಸೋಯಾ ಅವರೆಯದ್ದು), ಮೀನೋ ಮಾಂಸವೋ ಒಂದು, ಬೇಯಿಸಿದ ತರಕಾರಿ, ಹಾಲು. ಮಕ್ಕಳಿಗೆ ಹೋಗುವ ಅದೇ ಅಡುಗೆ. ಮಾಂಸ ಸರಿಯಾಗಿ ಬೆಂದಿದೆಯಾ, ವಾಸನೆ ಹೇಗಿದೆ, ಉಪ್ಪು ಮಿತಿಯಲ್ಲಿದೆಯಾ, ಕೂದಲು ಕಸ ಏನಾದರೂ ಬಿದ್ದಿದೆಯಾ, ತುಂಡುಗಳು ಪುಟ್ಟ ಮಕ್ಕಳ ಬಾಯಿಗೆ ಹಿಡಿಯುವಷ್ಟಿವೆಯಾ ಎಂದು ನೋಡಬೇಕು. ಸಮಯ ಬರೆದು ಮುದ್ರೆ ಒತ್ತಬೇಕು. ಏನಾದರೂ ಸರಿಯಿಲ್ಲ ಎನ್ನಿಸಿದರೆ ಇಡೀ ಶಾಲೆಯ ಊಟ ನಿಲ್ಲಿಸುವ ಹೊಣೆ ನಿಮ್ಮದು. ಇದರ ಜೊತೆಗೆ ಪ್ರತಿಯೊಂದು ಪದಾರ್ಥದ ಸುಮಾರು 50 ಗ್ರಾಂ ಮಾದರಿಯನ್ನು ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಎತ್ತಿಡುತ್ತಾರೆ. ನಮ್ಮ ಬಿಸಿಯೂಟದಲ್ಲೂ ಮೇಷ್ಟ್ರು ಮೊದಲು ರುಚಿ ನೋಡುತ್ತಾರಲ್ಲ, ಹಾಗಾಗಿ ನಮಗೆ ಇದು ತೀರಾ ಹೊಸದಲ್ಲ. ಆದರೆ ಇಲ್ಲಿ ಆ ತುತ್ತು ಪ್ರಿನ್ಸಿಪಾಲರದ್ದೇ.

ಸಸ್ಯಾಹಾರಿಗಳು ಇದನ್ನು ಸಂದರ್ಶನದಲ್ಲೇ ಹೇಳಿಬಿಡಿ. ನಾನು ಹಾಗೇ ಮಾಡಿದೆ. ಮೀನು, ಮಾಂಸ ನಮ್ಮ ಉಪಪ್ರಿನ್ಸಿಪಾಲರು ಸವಿಯುತ್ತಾರೆ. ಅನ್ನ, ತರಕಾರಿ, ಹಣ್ಣು ನಾನು ನೋಡುತ್ತೇನೆ. ಪುಸ್ತಕದಲ್ಲಿ ಇಬ್ಬರ ಮುದ್ರೆಯೂ ಬೀಳುತ್ತದೆ. ಮಿಸೊ ಸಾರು ನೋಡಲು ಸಸ್ಯಾಹಾರದಂತೆ ಕಂಡರೂ ಅದರ ಕಟ್ಟು ಒಣಮೀನಿನದ್ದು, ನೆನಪಿರಲಿ. ಸುಮ್ನೆ ಸಂಕೋಚಪಟ್ಟು ಕೂರಬೇಡಿ. ಅಲರ್ಜಿ ಇರುವ ಮಕ್ಕಳಿಗಾಗಿ ಅಡುಗೆಮನೆಯವರು ದಿನವೂ ಬೇರೆ ತಟ್ಟೆ ಕಟ್ಟುತ್ತಾರೆ. ನಿಮ್ಮದೂ ಒಂದು ಸೇರಿದರೆ ಅವರಿಗೆ ಬೇಸರವಿಲ್ಲ, ಮೊದಲೇ ತಿಳಿದಿರಬೇಕು ಅಷ್ಟೇ.

ಉಪಪ್ರಿನ್ಸಿಪಾಲರನ್ನು ಇಲ್ಲಿ ‘ಕ್ಯೋತೋ ಸೆನ್ಸೇ’ ಎನ್ನುತ್ತಾರೆ. ಶಾಲೆ ನಿಜಕ್ಕೂ ನಡೆಯುವುದು ಅವರ ಮೇಜಿನಿಂದ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬರುವವರು, ಸಂಜೆ ಬೀಗ ಹಾಕುವವರು ಅವರೇ. ನಿಮ್ಮ ತಲೆಯಲ್ಲಿ ಏನೇ ಹೊಸ ಯೋಚನೆ ಇರಲಿ, ಮೊದಲು ಅವರ ಹತ್ತಿರ ಮಾತಾಡಿ, ಆಮೇಲೆ ಒಬ್ಬೊಬ್ಬ ಹಿರಿಯ ಶಿಕ್ಷಕರ ಹತ್ತಿರ. ಸಭೆಗೆ ವಿಷಯ ಬರುವ ಹೊತ್ತಿಗೆ ಎಲ್ಲರಿಗೂ ಗೊತ್ತಿರಬೇಕು. ಸಭೆಯಲ್ಲೇ ಮೊದಲ ಸಲ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ, ಕೆಲಸವೂ ಆಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ಏನನ್ನೂ ಬದಲಿಸಬೇಡಿ. ಬೆಳಗ್ಗೆ ಗೇಟಿನಲ್ಲಿ ನಿಂತು ಪ್ರತಿ ಮಗುವಿಗೂ ಹೆಸರು ಹಿಡಿದು ‘ಒಹಾಯೊ’ ಹೇಳಿ. ಪಾಠ, ಪಟ್ಟಿ, ಪರೀಕ್ಷೆ ಮುಂದೆ ನೋಡಿಕೊಂಡರಾಯಿತು. ಹಳ್ಳಿಯಲ್ಲಿ ಪ್ರಿನ್ಸಿಪಾಲರಿಂದ ಜನ ಮೊದಲು ಬಯಸುವುದು ಮಕ್ಕಳ ಹೊಣೆ ಹೊರುವುದನ್ನು.

ಆ ಹೊಣೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಓಕಾವಾ ಶಾಲೆಯ ಕತೆ ತಿಳಿದಿರಬೇಕು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಇಶಿನೊಮಾಕಿ ನಗರದ ಆ ಪ್ರಾಥಮಿಕ ಶಾಲೆಯ 74 ಮಕ್ಕಳು, 10 ಶಿಕ್ಷಕರು ಮತ್ತು ಸಿಬ್ಬಂದಿ ಪ್ರಾಣ ಕಳೆದುಕೊಂಡರು, ಇಲ್ಲವೇ ಕಾಣೆಯಾದರು. ಶಾಲೆಯ ಹಿಂದೆಯೇ ಗುಡ್ಡ ಇತ್ತು. ಹೆತ್ತವರು ಕೋರ್ಟಿಗೆ ಹೋದರು. ಆ ದಿನದ ಗಡಿಬಿಡಿಯನ್ನಷ್ಟೇ ಅಲ್ಲ, ಅದಕ್ಕೂ ಮುಂಚೆ ಎಲ್ಲಿಗೆ ಓಡಬೇಕು ಎಂದು ಸರಿಯಾಗಿ ಬರೆದಿಡದೇ ಇದ್ದದ್ದನ್ನೇ ನ್ಯಾಯಾಲಯ ತಪ್ಪು ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಖಾಯಂ ಮಾಡಿತು. ಅಲ್ಲಿಂದಾಚೆಗೆ ವಿಪತ್ತಿನ ಕೈಪಿಡಿಯನ್ನು ಯಾವ ಪ್ರಿನ್ಸಿಪಾಲರೂ ಕಪಾಟಿನಲ್ಲಿ ಇಟ್ಟು ಮರೆಯುವಂತಿಲ್ಲ. ನೀವು ಬಂದ ಮೊದಲ ವಾರವೇ ಆ ಕೈಪಿಡಿ ಕೈಗೆ ತೆಗೆದುಕೊಳ್ಳಿ. ಜಪಾನಿ ಓದಲು ಕಷ್ಟವಾದರೆ ಕ್ಯೋತೋ ಸೆನ್ಸೇ ಜೊತೆ ಕೂತು ಸಾಲು ಸಾಲಾಗಿ ಓದಿಸಿಕೊಳ್ಳಿ. ಅದರಲ್ಲಿ ಹೇಳಿದ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿ ಬನ್ನಿ. ನಮ್ಮ ಕಡೆ ಸಮುದ್ರವಿಲ್ಲ, ಆದರೆ ಗುಡ್ಡ ಕುಸಿತ ಇದೆ, ಹೊಳೆ ಇದೆ.

ಅಣಕು ಕವಾಯತು ವರ್ಷದಲ್ಲಿ ಹಲವು ಸಲ ನಡೆಯುತ್ತದೆ. 1923ರ ಕಾಂಟೋ ಭೂಕಂಪದ ನೆನಪಿನ ಸೆಪ್ಟೆಂಬರ್ 1ರ ಆಸುಪಾಸು ಒಂದಂತೂ ಇರುತ್ತದೆ. ಮಕ್ಕಳಿಗೆಲ್ಲ ‘ಓ-ಕಾ-ಶಿ-ಮೊ’ ಬಾಯಿಪಾಠ: ತಳ್ಳಬೇಡ, ಓಡಬೇಡ, ಮಾತಾಡಬೇಡ, ವಾಪಸ್ ಹೋಗಬೇಡ. ಮೈದಾನದಲ್ಲಿ ಒಂದೊಂದು ತರಗತಿಯ ತಲೆ ಎಣಿಕೆ ಕ್ಯೋತೋಗೆ, ಅವರಿಂದ ನಿಮಗೆ ಬರುತ್ತದೆ. ಎಲ್ಲರೂ ಸೇರಲು ಎಷ್ಟು ನಿಮಿಷವಾಯಿತು ಎಂದು ನೀವು ಮಕ್ಕಳಿಗೆ ಹೇಳುತ್ತೀರಿ. ಭಾಷಣ ಬೇಡ, ಅಷ್ಟು ಹೇಳಿದರೆ ಸಾಕು.

ಕರಡಿಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಬೆಟ್ಟದ ಕಡೆ ಮಕ್ಕಳು ಬ್ಯಾಗಿಗೆ ಗಂಟೆ ಕಟ್ಟಿಕೊಂಡು ನಡೆದು ಬರುತ್ತಾರೆ. ಎಲ್ಲಾದರೂ ಕರಡಿ ಕಂಡರೆ ಊರಿನ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ. ಆ ಜಪಾನಿ ವಾಕ್ಯ ನಿಮಗೆ ಕೇಳಿದ ತಕ್ಷಣ ಅರ್ಥವಾಗಬೇಕು. ಅವತ್ತು ಮಕ್ಕಳನ್ನು ನಡೆಸಿ ಕಳಿಸುವುದೋ, ಮನೆಯವರನ್ನು ಕರೆಸುವುದೋ ಎಂದು ತೀರ್ಮಾನಿಸುವವರು ನೀವು.

ಮನೆ ಮಠದ ವಿಷಯ ಬೇಗ ಮುಗಿಸುತ್ತೇನೆ. ಕಾರು ಬೇಕೇ ಬೇಕು. 660 ಸಿಸಿಯ ಹಳದಿ ನಂಬರ್ ಪ್ಲೇಟಿನ ಚಿಕ್ಕ ಕಾರು ಸಾಕು. ಭಾರತದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ತಂದರೆ ಹೆಚ್ಚೆಂದರೆ ಒಂದು ವರ್ಷ ಓಡಿಸಬಹುದು. ಅಷ್ಟರಲ್ಲಿ ಇಲ್ಲಿನ ಲೈಸೆನ್ಸ್ ಮಾಡಿಸಿಕೊಳ್ಳಿ. ಅದಕ್ಕೆ, ಲೈಸೆನ್ಸ್ ಪಡೆದ ಮೇಲೆ ಮೂರು ತಿಂಗಳಾದರೂ ಭಾರತದಲ್ಲಿ ಇದ್ದಿರಿ ಎಂಬುದಕ್ಕೆ ಪುರಾವೆ ಕೇಳುತ್ತಾರೆ, ಹಳೆ ಪಾಸ್‌ಪೋರ್ಟ್ ಬಿಟ್ಟು ಬರಬೇಡಿ. ಹಿಮದ ಟೈರುಗಳನ್ನು ಹಿಮ ಬೀಳುವ ಮುಂಚೆಯೇ ಹಾಕಿಸಿ. ಮುದ್ದೆ ಉಣ್ಣುವವರಿಗೆ ಒಂದು ಸಂತೋಷದ ಸುದ್ದಿ: ರಾಗಿ ಇಲ್ಲೂ ಹಳೆಯ ಬೆಳೆ. ಬೆಟ್ಟದ ಹಳ್ಳಿಗಳಲ್ಲಿ ಹಿಂದೆ ‘ಶಿಕೊಕುಬಿಎ’ ಎಂದು ಬೆಳೆಯುತ್ತಿದ್ದರು. ವಯಸ್ಸಾದವರ ಮುಂದೆ ಆ ಹೆಸರೆತ್ತಿ ನೋಡಿ, ಮಾತು ನಿಲ್ಲುವುದಿಲ್ಲ.

ಭಾನುವಾರ ಬೆಳಗ್ಗೆ ಊರಿನ ಕಾಲುವೆ, ರಸ್ತೆ ಬದಿಯ ಹುಲ್ಲು ಕತ್ತರಿಸಲು ಮನೆಗೊಬ್ಬರು ಹೋಗಬೇಕು. ಹೋಗಿ. ಅಲ್ಲಿ ತಿಳಿಯುವಷ್ಟು ವಿಷಯ ಪೋಷಕರ ಸಭೆಯಲ್ಲಿ ತಿಳಿಯುವುದಿಲ್ಲ. ಬಾಗಿಲ ಬಳಿ ಯಾರೋ ಮೂಲಂಗಿ, ಬದನೆ ಇಟ್ಟು ಹೋಗಿರುತ್ತಾರೆ. ಯಾರೆಂದು ವಿಚಾರಿಸಿ, ಮುಂದೆ ಸಿಕ್ಕಾಗ ಥ್ಯಾಂಕ್ಸ್ ಹೇಳಿ, ಏನಾದರೂ ಚಿಕ್ಕದು ಕೊಡಿ. ದೊಡ್ಡದು ಕೊಟ್ಟರೆ ಅವರಿಗೆ ಹೊರೆ.

ಇಲ್ಲೇ, ಹುಲ್ಲು ಕತ್ತರಿಸುವಾಗಲೋ ಟೀ ಕುಡಿಯುವಾಗಲೋ, ನಿಮ್ಮನ್ನು ಕೇಳುತ್ತಾರೆ: ಎಷ್ಟು ವರ್ಷ ಇರುತ್ತೀರಿ? 2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಏಳು ಲಕ್ಷಕ್ಕಿಂತ ಕಡಿಮೆ. ಹಳ್ಳಿಗಳಲ್ಲಿ ಪ್ರತಿ ವರ್ಷ ಶಾಲೆಗಳು ಮುಚ್ಚುತ್ತಿವೆ, ಇಲ್ಲವೇ ಪಕ್ಕದೂರಿನದ್ದಕ್ಕೆ ಸೇರುತ್ತಿವೆ. ಶಾಲೆ ಹೋದರೆ ಎಳೆಯ ಸಂಸಾರಗಳೂ ಹೋಗುತ್ತವೆ ಎಂಬ ಭಯ ಅವರಿಗಿದೆ. ಹಾಗಾಗಿ ನಿಜವನ್ನೇ ಹೇಳಿ. ಮೂರು ವರ್ಷದ ಕರಾರಾದರೆ ಮೂರು ವರ್ಷ ಎನ್ನಿ. ಸರ್ಕಾರಿ ಪ್ರಿನ್ಸಿಪಾಲರು ಎರಡು ಮೂರು ವರ್ಷಕ್ಕೆ ವರ್ಗವಾಗುವುದನ್ನು ಅವರು ನೋಡಿದ್ದಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಮುಂದೆ ಬರುವವರಿಗೆ ಒಪ್ಪಿಸಿ ಹೋಗುವ ‘ಹಿಕಿತ್ಸುಗಿ’ ಕಡತವನ್ನು ಮಾತ್ರ ಮೊದಲ ತಿಂಗಳಿಂದಲೇ ಬರೆಯಲು ಶುರು ಮಾಡಿ: ಯಾವ ಮನೆಯ ಮಗುವಿಗೆ ಯಾವ ಅಲರ್ಜಿ, ಯಾವ ತಿರುವಿನಲ್ಲಿ ಹಿಮ ಗಟ್ಟಿಯಾಗುತ್ತದೆ, ಮಳೆ ಬಂದಾಗ ಯಾವ ಸೇತುವೆ ದಾಟಿಸಬಾರದು.