ಮೊದಲು ಮಾರು, ಆಮೇಲೆ ತೊಳೆ: ರಾತ್ರಿ ರೇಸಿನ ರಾ ಫೋಟೊಗಳ ನನ್ನ ಅನುಭವ

"ರಾತ್ರಿ ರೇಸಿಗೆ ರಾ ಹಾಕ್ಕೊಂಡು ಕೂತರೆ ಒಂದು ಫೋಟೊನೂ ಮಾರೋಕಾಗಲ್ಲ ಮಾರಾಯ. ಜೆಪೆಗ್ ಹಾಕು, ಅಲ್ಲೇ ತೋರಿಸು, ಅಲ್ಲೇ ದುಡ್ಡು ಇಸ್ಕೊ." ನಮ್ಮ ಲೈನಿನ ಹಿರಿಯರೊಬ್ಬರು ಸಿಕ್ಕಾಗಲೆಲ್ಲ ನನಗೆ ಹೇಳುತ್ತಿದ್ದ ಮಾತಿದು. ರಾ ಅಂದರೆ ಕ್ಯಾಮೆರಾ ಹಿಡಿದಿದ್ದನ್ನು ಹಾಗೇ ಇಟ್ಟ ಫೈಲು, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಬೇಕು; ಜೆಪೆಗ್ ಅಂದರೆ ಕ್ಯಾಮೆರಾನೇ ತಯಾರು ಮಾಡಿ ಕೊಡುವ ಫೋಟೊ. ಕಳೆದ ಸೀಸನ್ನಿನಲ್ಲಿ ಏಳು ರಾತ್ರಿ ಬರೀ ರಾ ತೆಗೆದು ಸುಮಾರು ಅರವತ್ತು ಸಾವಿರ ದುಡಿದೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ನನ್ನದು ಮೂಡಿಗೆರೆ ಕಡೆಯ ಮದುವೆ ಸ್ಟುಡಿಯೊ. ಮದುವೆ ಇಲ್ಲದ ವಾರ ರೇಸು. ಮಲೆನಾಡು, ಕೊಡಗಿನಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಟ್ರ್ಯಾಕ್ ಹೊಡೆದು ಮಾಡುವ ಆಟೋಕ್ರಾಸ್, ಡರ್ಟ್ ರೇಸ್ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಎಂಟಕ್ಕೆ ಶುರು ಅಂತ ಪಾಂಪ್ಲೆಟ್‌ನಲ್ಲಿ ಹಾಕಿರುತ್ತಾರೆ, ಫೈನಲ್ ಮಾತ್ರ ಜನರೇಟರ್ ಲೈಟಿನಲ್ಲಿ ರಾತ್ರಿ ಹತ್ತಕ್ಕೆ. ಉಡುಪಿಯ ಬೈಕ್ ಸವಾರ ಕೆ.ಪಿ. ಅರವಿಂದ್ 2017ರಲ್ಲಿ ಡಕಾರ್ ರ್ಯಾಲಿಗೆ ಹೋದ ಮೇಲೆ ನಮ್ಮ ಕಡೆ ಹುಡುಗರಿಗೆ ಮಣ್ಣಿನ ಹುಚ್ಚು ಇನ್ನೂ ಜಾಸ್ತಿಯಾಯಿತು ಅನ್ನೋದು ನನ್ನ ಲೆಕ್ಕ. ಹುಚ್ಚು ಇದ್ದಲ್ಲಿ ಫೋಟೊ ಕೊಳ್ಳುವವರೂ ಇರುತ್ತಾರೆ.

2019ರಲ್ಲಿ ಮನೆಯವಳ ಬಳೆ ಬ್ಯಾಂಕಿನಲ್ಲಿಟ್ಟು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750 ಕ್ಯಾಮೆರಾ, ಒಂದು 70-200 ಎಫ್2.8 ಲೆನ್ಸ್ ತಗೊಂಡೆ. ಎರಡೂ ಸೇರಿ ಲಕ್ಷದ ಮೂವತ್ತು ಸಾವಿರದ ಹತ್ತಿರ. ಮೊದಲ ರಾತ್ರಿ ಹಿರಿಯರ ಮಾತಿನಂತೆ ಜೆಪೆಗ್ಗೇ ಹಾಕಿದ್ದು. ಒಂದು ಮೂಲೆಯಲ್ಲಿ ಹಳದಿ ಸೋಡಿಯಂ, ಇನ್ನೊಂದರಲ್ಲಿ ಅಗ್ಗದ ಎಲ್ಇಡಿ, ನಡುವೆ ಜೀಪಿನ ಹೆಡ್‌ಲೈಟ್. ಬೆಳಕಿನ ಬಣ್ಣ ತಾನೇ ಸರಿಮಾಡಬೇಕಾದ ಆಟೋ ವೈಟ್ ಬ್ಯಾಲೆನ್ಸ್ ಒಬ್ಬನೇ ಸವಾರನನ್ನು ಒಂದು ಫ್ರೇಮಿನಲ್ಲಿ ಕಾಮಾಲೆ ರೋಗಿ, ಮುಂದಿನದರಲ್ಲಿ ಹೆಣ ಮಾಡಿಟ್ಟಿತ್ತು. ಒಂಬೈನೂರು ಫೋಟೊದಲ್ಲಿ ಮಾರಿದ್ದು ಎರಡು. ಬಂದಿದ್ದು ನಾನೂರು ರೂಪಾಯಿ, ಓಮ್ನಿಗೆ ಹಾಕಿದ ಪೆಟ್ರೋಲು ಸಾವಿರದ ಮೇಲೆ.

ಸರಿ, ರಾ ಮತ್ತು ಜೆಪೆಗ್ ಎರಡೂ ಇರಲಿ ಅಂದುಕೊಂಡೆ. ಎರಡು ಸ್ಲಾಟಿಗೆ ಎರಡು ಕಾರ್ಡು. ಡಿ750ಯಲ್ಲಿ 14 ಬಿಟ್ ರಾ ಒಂದೇ ಆದರೂ ಹದಿನೈದು ಫ್ರೇಮಿನ ಹತ್ತಿರ ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಫೋಟೊ ತುಂಬಿಡುವ ಜಾಗ) ಕಟ್ಟಿಕೊಳ್ಳುತ್ತದೆ, ಎರಡೂ ಹಾಕಿದರೆ ಇನ್ನೂ ಬೇಗ. ಫೈನಲ್ಲಿನಲ್ಲಿ ಮೂರು ಬೈಕು ಒಟ್ಟಿಗೆ ಜಂಪ್ ಹತ್ತಿದವು, ನನ್ನ ಕ್ಯಾಮೆರಾ ಉಸಿರು ಕಟ್ಟಿ ನಿಂತಿತ್ತು. ಪಕ್ಕದಲ್ಲಿದ್ದ ಹುಡುಗ ಮೊಬೈಲಿನಲ್ಲಿ ಅದನ್ನೇ ರೀಲ್ ಮಾಡಿದ.

ಫ್ಲ್ಯಾಶ್ ಕಥೆ ಹೇಳೋದೇ ಬೇಡ. ಧೂಳೆಲ್ಲ ಹಿಮ ಬಿದ್ದ ಹಾಗೆ ಬೆಳ್ಳಗೆ ಬಂತು, ಸವಾರನ ಕಣ್ಣಿಗೆ ಹೊಡೆಯಿತು ಅಂತ ಮಾರ್ಷಲ್ ಬೈದು ಹಗ್ಗದಾಚೆ ಕಳಿಸಿದರು. ಬೈದದ್ದು ನ್ಯಾಯವೇ.

ಆಮೇಲೆ ಬರೀ ರಾ ತೆಗೆದು ಮನೆಗೆ ಬಂದು ಮೂರು ದಿನ ಕೂತು ಒಂದೊಂದನ್ನೂ ತಿದ್ದಿದೆ. ಹಿಂದೆ ರೀಲು ತೊಳೆಸುತ್ತಿದ್ದೆವಲ್ಲ, ಈ ಕೆಲಸಕ್ಕೂ ನಾನು ತೊಳೆಯೋದು ಅಂತಲೇ ಹೇಳುವುದು. ಫೋಟೊ ಚೆಂದ ಬಂದವು. ಬುಧವಾರ ಕಳಿಸಿದರೆ "ಸೂಪರ್ ಅಣ್ಣ" ಅಂತ ಒಂದು ಬೆಂಕಿ ಇಮೋಜಿ ಬಂತು, ದುಡ್ಡು ಬರಲಿಲ್ಲ. ಪಂಕ್ತಿ ಎದ್ದ ಮೇಲೆ ಪಾಯಸ ತಂದ ಹಾಗಾಯಿತು. ಹಿರಿಯರು ಹೇಳಿದ್ದು ಇದನ್ನೇ ಅಂತ ಒಪ್ಪಿಕೊಳ್ಳಬೇಕಾಯಿತು.

ದಾರಿ ಸಿಕ್ಕಿದ್ದು ಅಕ್ಕನ ಮಗನಿಂದ. "ಮಾವ, ರಾ ತೆರೆಯೋಕೆ ಮುಂಚೆ ಲ್ಯಾಪ್‌ಟಾಪಿನಲ್ಲಿ ಕಾಣೋ ಚಿತ್ರ ಯಾವುದು?" ಅಂದ. ಅದು ರಾ ಫೈಲಿನ ಹೊಟ್ಟೆಯೊಳಗೇ ಕ್ಯಾಮೆರಾ ಇಟ್ಟಿರುವ ಜೆಪೆಗ್. ನಿಕಾನ್‌ನಲ್ಲಿ ಅದು ಪೂರ್ತಿ ಅಳತೆಯದು. ಎಕ್ಸಿಫ್‌ಟೂಲ್‌ನ (ಫೈಲಿನ ಒಳಗಿನದನ್ನು ಹೊರತೆಗೆಯುವ ಸಾಫ್ಟ್‌ವೇರು) ಒಂದು ಸಾಲಿನ ಕಮಾಂಡ್ ಕೊಟ್ಟರೆ ನಾನೂರು ಫೈಲಿನ ಜೆಪೆಗ್ ಕೆಲವೇ ನಿಮಿಷಕ್ಕೆ ಹೊರಗೆ. ಅಂದರೆ ಬಫರಿಗೆ ಹೊರೆಯಿಲ್ಲದೆ ಜೆಪೆಗ್ ಮೊದಲಿಂದಲೂ ನನ್ನ ಕೈಯಲ್ಲೇ ಇತ್ತು. ಅವನು ಓಮ್ನಿಯ ಹಿಂದಿನ ಸೀಟಿನಲ್ಲಿ ಕೂತು ತೆಗೆಯುತ್ತಾನೆ, ನಂಬರ್ ಬೋರ್ಡ್ ನೋಡಿ ಫೋಲ್ಡರ್ ಮಾಡುತ್ತಾನೆ, 1600 ಪಿಕ್ಸೆಲ್‌ಗೆ ಇಳಿಸಿ ಅಡ್ಡಡ್ಡ ಹೆಸರು ಹೊಡೆದು ವಾಟ್ಸ್ಆ್ಯಪ್ ಮಾಡುತ್ತಾನೆ. ಸವಾರ ಬೈಕು ಪಿಕಪ್‌ಗೆ ಏರಿಸುವುದರೊಳಗೆ ಅವನ ಫೋನಿನಲ್ಲಿ ಅವನ ಜಂಪ್. ಮೈಮೇಲಿನ ಮಣ್ಣು ಒಣಗುವ ಮುಂಚೆ ಯುಪಿಐ ಬರುತ್ತದೆ. ಮಾರಿದ್ದನ್ನು ಮಾತ್ರ ರಾದಿಂದ ತೊಳೆದು ಎರಡು ದಿನದಲ್ಲಿ ಕಳಿಸುತ್ತೇನೆ.

ಇದರಲ್ಲಿ ಒಂದು ಪೇಚಿದೆ. ರಾಗೆ ಒಳ್ಳೆಯದು ಸ್ವಲ್ಪ ಕತ್ತಲೆ ತೆಗೆಯೋದು. ಬಿಳಿ ನಂಬರ್ ಬೋರ್ಡು, ಹೆಲ್ಮೆಟ್ಟಿನ ಹೊಳಪು ಸುಟ್ಟು ಹೋಗಬಾರದು. (ಎದುರಿಗೆ ಬಂದ ಹೆಡ್‌ಲೈಟನ್ನೂ ರಾ ಉಳಿಸುತ್ತದೆ ಅನ್ನುವವರು ಒಮ್ಮೆ ಗದ್ದೆಗೆ ಬಂದು ನೋಡಲಿ.) ಆದರೆ ಕತ್ತಲೆ ತೆಗೆದರೆ ಹೊಟ್ಟೆಯೊಳಗಿನ ಜೆಪೆಗ್ಗೂ ಕತ್ತಲೆ, ತೋರಿಸಿದರೆ ಯಾರೂ ಕೊಳ್ಳಲ್ಲ. ಮೊದಲು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರಲ್ಲಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎರಡು ಸ್ಟಾಪ್ ಎತ್ತುತ್ತಿದ್ದೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು), ಈಗ 3200ಕ್ಕೆ ನಿಂತಿದ್ದೇನೆ, ಮೀಟರಿಗಿಂತ ಮುಕ್ಕಾಲು ಸ್ಟಾಪಿನಷ್ಟು ಕೆಳಗೆ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಕೆಲ್ವಿನ್‌ನಲ್ಲಿ (ಬೆಳಕಿನ ಬಣ್ಣದ ಅಳತೆ) ಒಂದೇ ನಂಬರು ಕಟ್ಟಿ ಬಿಡಿ. ನೆರಳನ್ನು ತಾನೇ ಬೆಳಗಿಸುವ ಆಕ್ಟಿವ್ ಡಿ-ಲೈಟಿಂಗ್ ಆಫ್. ಹೊರತೆಗೆದ ಜೆಪೆಗ್ಗುಗಳ ಮೇಲೆ ಹುಡುಗ ಒಂದು ಕರ್ವ್ (ಕತ್ತಲೆ-ಬೆಳಕನ್ನು ಏರಿಳಿಸುವ ಸೆಟ್ಟಿಂಗ್) ಓಡಿಸುತ್ತಾನೆ, ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಆ ಕರ್ವ್ ಮಾತ್ರ ಇಲ್ಲಿ ಹಾಕಲ್ಲ. ಅದಕ್ಕೆ ನಮಗೆ ಎರಡು ಸೀಸನ್ ಹಿಡಿದಿದೆ.

ಲೈಟ್ ಮಿಣುಕು ಇನ್ನೊಂದು ತಲೆನೋವು. ನಮ್ಮ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 1/500 ಸೆಕೆಂಡಿನ ಶಟರಿನಲ್ಲಿ ತೆಗೆದರೆ ಒಂದು ಫ್ರೇಮ್ ಬೆಳಕು, ಒಂದು ಮಬ್ಬು, ಒಂದಕ್ಕೆ ನಡುವೆ ಪಟ್ಟಿ. ಡಿ750ಯಲ್ಲಿ ಫೋಟೊಗೆ ಫ್ಲಿಕರ್ ತಡೆಯೋ ಸೌಲಭ್ಯ ಇಲ್ಲ. 1/100 ಹಾಕಿ ಪ್ಯಾನ್ ಮಾಡಿದರೆ (ಬೈಕಿನ ಜೊತೆಗೇ ಕ್ಯಾಮೆರಾ ತಿರುಗಿಸಿದರೆ) ಸರಿ ಅಂತ ಪುಸ್ತಕ ಓದಿದವರು ಹೇಳುತ್ತಾರೆ. ಗದ್ದೆಯಲ್ಲಿರೋದು ಬಾಡಿಗೆ ಜನರೇಟರ್, ಗೋಬಿ ಅಂಗಡಿಯವನು ಗ್ರೈಂಡರ್ ಹಾಕಿದರೆ ಅದು 48ಕ್ಕೆ ಇಳಿಯುತ್ತದೆ, ಪಟ್ಟಿ ಮತ್ತೆ ಹಾಜರ್. ಆ ಪಟ್ಟಿಯನ್ನು ರಾದಲ್ಲೂ ತೊಳೆಯೋಕೆ ನನ್ನಿಂದ ಆಗಲಿಲ್ಲ. ನಾನು 1/50ಕ್ಕೆ ಇಳಿದು ಪ್ಯಾನ್ ಮಾಡುತ್ತೇನೆ. ಹತ್ತರಲ್ಲಿ ಏಳು ಅಲುಗಿರುತ್ತವೆ, ಉಳಿದ ಮೂರರಲ್ಲಿ ಚಕ್ರ ತಿರುಗೋದು ಕಾಣುತ್ತದೆ, ಮೊಬೈಲಿನವನಿಗೆ ಅದು ಬರಲ್ಲ. ಇನ್ನು, ನೀರಿನ ಟ್ಯಾಂಕರ್ ಟ್ರ್ಯಾಕಿಗೆ ನೀರು ಹೊಡೆದ ಮೇಲಿನ ಮುಕ್ಕಾಲು ಗಂಟೆ ಚಿನ್ನದಂಥ ಸಮಯ. ಆಗ ಊಟಕ್ಕೆ ಹೋಗಬೇಡಿ.

ಎಲ್ಲಿ ನಿಲ್ಲಬೇಕು ಅನ್ನೋದನ್ನು ಕಲಿತದ್ದು ರೇಸಿನಲ್ಲಲ್ಲ, ಘಟ್ಟ ಇಳಿದು ಕಂಬಳದಲ್ಲಿ. ಒಂದು ಚಳಿಗಾಲ ಸುಮ್ಮನೆ ನಾಲ್ಕು ರಾತ್ರಿ ಹೋದೆ, ಸಂಪಾದನೆ ಸೊನ್ನೆ. ಕೆನೆಹಲಗೆಯಲ್ಲಿ (ಕೋಣಗಳ ಹಿಂದೆ ಹಲಗೆ ಕಟ್ಟಿ ನೀರು ಚಿಮ್ಮಿಸುವ ಓಟ) ನೀರು ಮೇಲೆ ಅಡ್ಡಕ್ಕೆ ಕಟ್ಟಿದ ನಿಶಾನೆಯ ಎತ್ತರಕ್ಕೆ ಚಿಮ್ಮುವಾಗ ಲೈಟು ಬೆನ್ನ ಹಿಂದಿದ್ದರೆ ನೀರು ಬರೀ ಕೆಸರು, ಲೈಟು ಎದುರಿಗಿದ್ದರೆ ಹನಿಹನಿಯೂ ಮುತ್ತು. ಅಲ್ಲಿಂದ ಬಂದು ಟ್ರ್ಯಾಕಿನಲ್ಲೂ ಲೈಟಿನ ಎದುರು ನಿಂತೆ. ಫ್ಲ್ಯಾಶಿನಲ್ಲಿ ನನ್ನ ಮಾನ ಕಳೆದಿದ್ದ ಧೂಳು ಈಗ ಸವಾರನ ಸುತ್ತ ಹೊಂಬಣ್ಣದ ಹೊಗೆ. ಕಂಬದಿಂದ ಎಷ್ಟು ಹೆಜ್ಜೆ, ಯಾವ ಕೋನ ಅಂತ ಕೇಳಬೇಡಿ.

ರೇಟು: ಫೋನ್ ಸೈಜಿಗೆ 300, ಪೂರ್ತಿ ಸೈಜಿಗೆ 800, ಆ ರಾತ್ರಿಯ ಎಲ್ಲ ಫೋಟೊಗೆ 1,500. ಅತಿ ಒಳ್ಳೆಯ ರಾತ್ರಿ ಹನ್ನೊಂದು ಸಾವಿರದ ಮೇಲೆ ಬಂತು. ಮಳೆ ಬಂದು ರೇಸ್ ನಿಂತ ರಾತ್ರಿ 1,800. ಖರ್ಚು ಹುಡುಗನ 700 ಸೇರಿ ರಾತ್ರಿಗೆ ಎರಡೂವರೆ ಸಾವಿರ. ಆಯೋಜಕರಿಗೆ ಇಪ್ಪತ್ತು ಫೋಟೊ ಪುಕ್ಕಟೆ, ಅದಕ್ಕೆ ಪಿಟ್ ಒಳಗೆ ಪ್ರವೇಶ. ಸವಾರನಿಗಿಂತ ಅವನ ಅಪ್ಪ ಬೇಗ ದುಡ್ಡು ಕೊಡುತ್ತಾನೆ, ಅಪ್ಪನಿಗಿಂತ ಬೈಕು ಟ್ಯೂನ್ ಮಾಡಿದ ಗ್ಯಾರೇಜಿನವನು.

ಗ್ಯಾರೇಜ್ ಅಂದಾಗ ನೆನಪಾಯಿತು. ಒಂದು ಕಡೆ ನನ್ನ ಫೋಟೊದ ಹೆಸರು ಅಳಿಸಿ ಆಳೆತ್ತರದ ಫ್ಲೆಕ್ಸ್ ಹಾಕಿದ್ದರು. ಕೇಳಿದರೆ "ನಮ್ಮ ಹುಡುಗನೇ ತೆಗೆದಿದ್ದು." "ಹಾಗಾದರೆ ರಾ ಫೈಲ್ ತೋರಿಸಿ ಸರ್" ಅಂದೆ. ನನ್ನದನ್ನು ಅಲ್ಲೇ ತೆರೆದೆ. ಅವರು ಕತ್ತರಿಸಿ ಬಿಟ್ಟಿದ್ದ ಮೂಲೆಯ ಟೈರು ನನ್ನದರಲ್ಲಿತ್ತು. ಚಹಾ ಬಂತು, ಮೂರು ಸಾವಿರವೂ ಬಂತು.

ಲೈಟ್‌ರೂಮಿನ ಎಐ ಡಿನಾಯ್ಸ್ (ಕತ್ತಲೆ ಫೋಟೊದ ಚುಕ್ಕೆ ಒರೆಸುವ ಸೌಲಭ್ಯ) 2023ರಲ್ಲಿ ಬಂದಾಗ ಎಲ್ಲದಕ್ಕೂ ಹಾಕೋಣ ಅನ್ನಿಸಿತ್ತು. ನನ್ನ ಲ್ಯಾಪ್‌ಟಾಪಿಗೆ ಒಂದು ಫೋಟೊಗೆ ಆರೇಳು ನಿಮಿಷ. ಮಾರಿದ್ದು ಮೂವತ್ತು ಇದ್ದರೆ ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ರೆಡಿ. ಒಂಬೈನೂರಕ್ಕೂ ಹಾಕಿದ್ದರೆ ಮುಂದಿನ ರೇಸೇ ಬಂದಿರುತ್ತಿತ್ತು.

ಮೊನ್ನೆ ಆ ಹಿರಿಯರೇ ಫೋನ್ ಮಾಡಿದ್ದರು. "ಅದೇನೋ ಕಮಾಂಡ್ ಅಂತಲ್ಲ, ಸ್ವಲ್ಪ ಕಳಿಸು ಮಾರಾಯ." ಕಳಿಸಿದೆ. ಅವರದು ಸೋನಿ ಎ7 III, ಒಳಗಿನ ಜೆಪೆಗ್ 1616 ಪಿಕ್ಸೆಲ್ ಅಗಲ ಅಷ್ಟೇ, "ಇದು ಚಿಕ್ಕದಾಯ್ತಲ್ಲೋ" ಅಂದರು. ವಾಟ್ಸ್ಆ್ಯಪಿಗೆ ಅಷ್ಟೇ ಸಾಕು ಸರ್, ನಾನೂ 1600ಕ್ಕೇ ಇಳಿಸೋದು ಅಂದೆ. ಕರ್ವ್ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.