ಒಂದು ದಿನದ ಹಳ್ಳಿ ವೈದ್ಯಕೀಯ ಶಿಬಿರ: ಯೋಜನೆ ಮರುಭೇಟಿಯಿಂದ ಶುರುವಾಗಲಿ

ಶಾಮಿಯಾನ ಬಿಚ್ಚಿ ಜೀಪು ಹೊರಟ ಮೇಲೆ, ಬಿಪಿ 170/100 ಇದ್ದ ಅಜ್ಜಿಯನ್ನು ಮುಂದಿನ ವಾರ ಯಾರು ನೋಡುತ್ತಾರೆ? ಶಿಬಿರದ ಯೋಜನೆಯಲ್ಲಿ ಮೊದಲು ಉತ್ತರಿಸಬೇಕಾದದ್ದು ಇದು. ಉತ್ತರ ಇಲ್ಲದಿದ್ದರೆ ದಿನಾಂಕ ಮುಂದೂಡಿ. ಚರ್ಚಿನ ಸಭೆಯ ಡಾಕ್ಟರು, ನರ್ಸು, ಲ್ಯಾಬ್ ಟೆಕ್ನಿಷಿಯನ್‌ಗಳು ಸೇರಿ ಒಂದು ಶನಿವಾರವನ್ನು ಹಳ್ಳಿಗೆ ಮೀಸಲಿಟ್ಟಾಗ ಸಾಮಾನ್ಯವಾಗಿ ಮಾತ್ರೆಗಳ ಪಟ್ಟಿ ಮೊದಲು ಸಿದ್ಧವಾಗುತ್ತದೆ, ಮರುಭೇಟಿ ಕೊನೆಗೆ ನೆನಪಾಗುತ್ತದೆ. ಬೈಬಲಿನ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರ್ಯದವನು ಗಾಯ ಕಟ್ಟಿ ಸುಮ್ಮನಾಗಲಿಲ್ಲ. ಛತ್ರದವನ ಕೈಗೆ ಹಣ ಕೊಟ್ಟು, ತಿರುಗಿ ಬಂದಾಗ ಮಿಕ್ಕದ್ದು ತೀರಿಸುತ್ತೇನೆ ಅಂದ. ರೋಗಿಯನ್ನು ಮುಂದಿನವರ ಕೈಗೊಪ್ಪಿಸುವ ರೆಫರಲ್ಲೂ, ಮತ್ತೆ ಬಂದು ವಿಚಾರಿಸುವ ಫಾಲೋಅಪ್ಪೂ ಅದರಲ್ಲೇ ಇದೆ.

ತಿಂಗಳು ಮೊದಲೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿ. ಅಲ್ಲಿ ಯಾವ ಬಿಪಿ, ಸಕ್ಕರೆ ಮಾತ್ರೆಗಳು ಸದಾ ಸಿಗುತ್ತವೆ ಎಂದು ಕೇಳಿ ಬರೆದುಕೊಳ್ಳಿ. ಶಿಬಿರದಲ್ಲಿ ಬರೆಯುವ ಚೀಟಿ ಆ ಪಟ್ಟಿಯೊಳಗೇ ಇರಲಿ. ದಾನವಾಗಿ ಬಂದ ದುಬಾರಿ ಬ್ರ್ಯಾಂಡನ್ನು ಹದಿನೈದು ದಿನಕ್ಕೆ ಕೊಟ್ಟರೆ ಹದಿನಾರನೆಯ ದಿನ ರೋಗಿ ಮಾತ್ರೆ ಬಿಡುತ್ತಾನೆ. ಮೈಸೂರಿನ ಹೋಲ್ಡ್ಸ್‌ವರ್ತ್, ಹಾಸನದ ರೆಡ್‌ಫರ್ನ್‌ನಂಥ ಮಿಷನ್ ಆಸ್ಪತ್ರೆ ಹತ್ತಿರವಿದ್ದರೆ, ಕಳಿಸಿದ ರೋಗಿಯನ್ನು ಯಾರು, ಯಾವ ದಿನ, ಎಷ್ಟು ಖರ್ಚಿನಲ್ಲಿ ನೋಡುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಆಶಾ ಕಾರ್ಯಕರ್ತೆಯನ್ನು ತಂಡದವರಂತೆಯೇ ನಡೆಸಿಕೊಳ್ಳಿ; ಯಾವ ಮನೆಯಲ್ಲಿ ಯಾರು ಮಾತ್ರೆ ನಿಲ್ಲಿಸಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಸಂತೆಯ ದಿನ, ಜಾತ್ರೆಯ ದಿನ, ನಾಟಿಯ ವಾರ ಬೇಡ.

ಟೋಕನ್ ಲೆಕ್ಕ ಸರಳ. ಹೊಸ ರೋಗಿಗೆ ಕನಿಷ್ಠ 6 ನಿಮಿಷ, ಅಂದರೆ ಒಬ್ಬ ವೈದ್ಯರಿಗೆ ಗಂಟೆಗೆ 10, ಐದು ಗಂಟೆಗೆ 50. ಇಬ್ಬರು ವೈದ್ಯರಿದ್ದರೆ 100 ಟೋಕನ್ ಸಾಕು. 300 ಜನರನ್ನು ನೋಡಿದೆವು ಎಂದು ವರದಿಯಲ್ಲಿ ಬರೆಯಬಹುದು, ಆದರೆ ಅಷ್ಟು ಜನರಿಗೆ ಸಿಗುವುದು ಎರಡು ನಿಮಿಷ ಮತ್ತು ಒಂದು ಸ್ಟ್ರಿಪ್ ವಿಟಮಿನ್ ಮಾತ್ರೆ.

ಬಿಪಿ ನೋಡುವ ಕಡೆ ತಪ್ಪುಗಳು ಹೆಚ್ಚು. ಬಿಸಿಲಲ್ಲಿ ನಡೆದು ಬಂದವರನ್ನು ನಿಲ್ಲಿಸಿಯೇ ಪಟ್ಟಿ ಸುತ್ತಿದರೆ ಅಂಕೆ ಸುಳ್ಳು ಹೇಳುತ್ತದೆ. ಬೆನ್ನಿಗೆ ಆಸರೆಯಿರುವ ಎಂಟು ಕುರ್ಚಿ ಹಾಕಿ, 5 ನಿಮಿಷ ಮಾತಿಲ್ಲದೆ ಕೂರಿಸಿ. ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಅರ್ಧ ಗಂಟೆಯೊಳಗೆ ಕಾಫಿ, ಟೀ, ಬೀಡಿ ಆಗಿದ್ದರೆ ಕಾಯಿಸಿ. ಮೂತ್ರಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿಬರಲಿ. ತೋಳಿನ ಸುತ್ತಳತೆ 32 ಸೆಂ.ಮೀ. ದಾಟಿದರೆ ದೊಡ್ಡ ಪಟ್ಟಿಯೇ ಬೇಕು, ಚಿಕ್ಕದು ಸುತ್ತಿದರೆ ಬಿಪಿ ಹೆಚ್ಚು ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡೂ ಅಂಕೆ ಬರೆಯಿರಿ. 140/90 ಮುಟ್ಟಿದವರಿಗೆ ಬೇರೊಂದು ದಿನ ಮತ್ತೆ ನೋಡಬೇಕು. ಒಂದೇ ದಿನದ ಅಂಕೆ ಹಿಡಿದು ‘ನಿಮಗೆ ಬಿಪಿ ಇದೆ’ ಎಂದು ಹಣೆಪಟ್ಟಿ ಕಟ್ಟಬೇಡಿ. 180/110 ದಾಟಿ ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜು ಅಥವಾ ಕೈಕಾಲು ಸೋತ ಲಕ್ಷಣ ಇದ್ದರೆ ಸರದಿ ಬಿಡಿಸಿ, ವೈದ್ಯರನ್ನು ಕರೆದು, 108ಕ್ಕೆ ಫೋನ್ ಮಾಡಿ.

ಬೆರಳ ರಕ್ತದಲ್ಲಿ ಸಕ್ಕರೆ ನೋಡುವ ಗ್ಲುಕೋಮೀಟರ್‌ನ ಪಟ್ಟಿಗಳ ಶತ್ರು ಬಿಸಿ ಮತ್ತು ತೇವ. ಬಿಸಿಲಲ್ಲಿ ನಿಂತ ಜೀಪಿನಲ್ಲಿ ಡಬ್ಬಿ ಬಿಡಬೇಡಿ, ಸಾಮಾನ್ಯವಾಗಿ 30 ಡಿಗ್ರಿಯೇ ಅದರ ಮೇಲ್ಮಿತಿ. ಡಬ್ಬಿ ತೆರೆದ ದಿನಾಂಕ ಬರೆಯಿರಿ, ಒಂದು ಪಟ್ಟಿ ತೆಗೆದ ಕೂಡಲೇ ಮುಚ್ಚಿ. ಕೈ ತೊಳೆಸುವುದು ಬರೀ ಶಾಸ್ತ್ರಕ್ಕಲ್ಲ: ಬಾಳೆಹಣ್ಣು ತಿಂದ ಬೆರಳಿನಿಂದ 110 ಇದ್ದದ್ದು 250 ಆಗಿ ಕಾಣಬಹುದು. ಸ್ಪಿರಿಟ್ ಹಚ್ಚಿದರೆ ಪೂರ್ತಿ ಒಣಗಲಿ. ಬೆರಳ ತುದಿಗೆ ಬೇಡ, ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ. ಒಬ್ಬರಿಗೆ ಒಂದೇ ಸೂಜಿ. ಪೆನ್ ಆಕಾರದ ಚುಚ್ಚುವ ಸಾಧನವನ್ನು ಶಿಬಿರಕ್ಕೆ ತರಲೇಬೇಡಿ. ಬಳಸಿದ ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಶಿಬಿರಗಳಿಗೂ ಅನ್ವಯಿಸುತ್ತವೆ. ಡಬ್ಬಿಯನ್ನು ಆಸ್ಪತ್ರೆಗೆ ವಾಪಸ್ ಒಯ್ಯಿರಿ, ಶಾಲೆಯ ಹಿಂದೆ ಸುಡಬೇಡಿ.

ಕಣ್ಣಿನ ಹಿಂಭಾಗದ ಫೋಟೊ ತೆಗೆಯುವ ಕೈಕ್ಯಾಮೆರಾ ತಂದಿದ್ದರೆ, ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ 20–30 ನಿಮಿಷ ಕಾಯಬೇಕು. ಆಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜು, ಆದ್ದರಿಂದ ಬೈಕಿನಲ್ಲಿ ಒಬ್ಬರೇ ಬಂದವರಿಗೆ ಹಾಕಬೇಡಿ. ಕಣ್ಣಿನ ಮುಂಭಾಗ ಕಿರಿದಾಗಿರುವವರಿಗೆ ಆ ಹನಿ ಅಪಾಯ, ಹಾಗಾಗಿ ಹನಿಗೆ ಮೊದಲು ಪಕ್ಕದಿಂದ ಟಾರ್ಚ್ ಬಿಟ್ಟು ಅದನ್ನು ಗುರುತಿಸಬಲ್ಲವರು ಜೊತೆಗಿರಲಿ.

ದೂರದ ವೈದ್ಯರಿಗೆ ಫೋನು, ವಿಡಿಯೋ ಮೂಲಕ ತೋರಿಸುವ ಟೆಲಿಮೆಡಿಸಿನ್ ಅಂದ ಕೂಡಲೇ ದೊಡ್ಡ ಪರದೆ ತರುವ ಉತ್ಸಾಹ ಬರುತ್ತದೆ. ಮೊದಲು ಶಿಬಿರ ನಡೆಯುವ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಎರಡು ಕಂಪನಿಗಳ ಸಿಮ್ ಹಾಕಿ ವಿಡಿಯೋ ಕರೆ ಮಾಡಿ ನೋಡಿ. ಸಿಗ್ನಲ್ ಊರ ಬಾಗಿಲಲ್ಲಿ ಇದ್ದು ಶಾಲೆಯೊಳಗೆ ಇಲ್ಲದಿರುವುದು ಮಾಮೂಲು. ಚರ್ಮದ ಫೋಟೊ, ಇಸಿಜಿಯನ್ನು ಕಳಿಸಿ ಸಂಜೆ ಉತ್ತರ ಪಡೆದರೂ ಎಷ್ಟೋ ಕೆಲಸ ಆಗುತ್ತದೆ. ನೋಂದಣಿಗೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ಕೋಬೋ ಕಲೆಕ್ಟ್‌ನಂಥ ಆ್ಯಪ್ ಇಟ್ಟುಕೊಳ್ಳಿ, ಜೊತೆಗೆ ಒಂದು ರೂಲ್ಡ್ ಪುಸ್ತಕವೂ ಇರಲಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕರೆ ಶುರುಮಾಡುವುದು ಆರೋಗ್ಯ ಕಾರ್ಯಕರ್ತರಾದರೆ ರೋಗಿಯ ಸ್ಪಷ್ಟ ಒಪ್ಪಿಗೆ ಪಡೆದು ದಾಖಲಿಸಬೇಕು. ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಬೇಕು, ಮಾದಕ ಗುಂಪಿನ ಔಷಧಗಳನ್ನು ಬರೆಯುವಂತಿಲ್ಲ. ವಿದೇಶದಲ್ಲಿರುವ ಕನ್ನಡಿಗ ವೈದ್ಯರಿಗೆ ಇಲ್ಲಿನ ನೋಂದಣಿ ಇಲ್ಲದಿದ್ದರೆ ಚೀಟಿ ಬರೆಯುವ ಬದಲು ನರ್ಸ್‌ಗಳಿಗೆ ತರಬೇತಿ ಕೊಡಲಿ, ಅದರ ಉಪಯೋಗ ಇನ್ನೂ ಹೆಚ್ಚು. ರೋಗಿಗಳ ಫೋಟೊ ಸಭೆಯ ವಾಟ್ಸಾಪ್ ಗುಂಪಿಗೆ ಹೋಗಬಾರದು, ಪ್ರಾರ್ಥನೆಗೆಂದೂ ಹೋಗಬಾರದು.

ಪ್ರಾರ್ಥನೆಯ ಮಾತು ಬಂದದ್ದರಿಂದ: ನೋಂದಣಿ ಮೇಜಿನಲ್ಲಿ ಕರಪತ್ರ ಬೇಡ, ಮಾತ್ರೆ ಕವರಿನೊಳಗೂ ಬೇಡ. ಔಷಧ ಕೈಯಲ್ಲಿ ಹಿಡಿದು ನಿಂತ ಡಾಕ್ಟರ ಮುಂದೆ ಬಡ ರೋಗಿ ‘ಬೇಡ’ ಅನ್ನಲಾರ. ಅವರಾಗಿಯೇ ಕೇಳಿದರೆ, ಚಿಕಿತ್ಸೆಯೆಲ್ಲ ಮುಗಿದ ಮೇಲೆ, ಬೇರೆ ಕಡೆ ಕೂತು ಪ್ರಾರ್ಥನೆ ಮಾಡಿ. ಮಾತ್ರೆ ನಿಲ್ಲಿಸಿ ನಂಬಿ ಎಂಬ ಮಾತು ಯಾರ ಬಾಯಲ್ಲೂ ಬರಕೂಡದು.

‘ಒಂದು ಸೂಜಿ ಹಾಕಿ’, ‘ಗ್ಲೂಕೋಸ್ ಏರಿಸಿ’ ಎಂದು ಕೇಳುವವರು ಇದ್ದೇ ಇರುತ್ತಾರೆ. ಬೆಳಗ್ಗೆಯೇ ಆಶಾ ಕಾರ್ಯಕರ್ತೆಯಿಂದ ಮೈಕಿನಲ್ಲಿ ಹೇಳಿಸಿಬಿಡಿ: ಇಲ್ಲಿ ಇಂಜೆಕ್ಷನ್ ಇಲ್ಲ. ಒಬ್ಬರಿಗೆ ಹಾಕಿದರೆ ಊಟದ ಹೊತ್ತಿಗೆ ಐವತ್ತು ಜನ ಸಾಲು ನಿಲ್ಲುತ್ತಾರೆ.

ಸಂಜೆ ಸಾಮಾನು ಕಟ್ಟುವ ಮೊದಲು ರೆಫರಲ್ ಪಟ್ಟಿಯ ಮೂರು ಪ್ರತಿ ಮಾಡಿ. ಒಂದು ಆರೋಗ್ಯ ಕೇಂದ್ರಕ್ಕೆ, ಒಂದು ಮಿಷನ್ ಆಸ್ಪತ್ರೆಗೆ, ಒಂದು ತಂಡದಲ್ಲಿ ಫೋನ್ ಮಾಡುವ ಹೊಣೆ ಹೊತ್ತವರಿಗೆ. ಫೋನ್ 7ನೇ ದಿನ, ಮತ್ತೆ 30ನೇ ದಿನ. ಮನೆಯ ನಂಬರು ಮಗನದಾಗಿದ್ದು ಅವನು ಬೆಂಗಳೂರಲ್ಲಿರುವುದು ಸಾಮಾನ್ಯ. ಆದ್ದರಿಂದ ನೋಂದಣಿಯ ಹೊತ್ತಿಗೇ ‘ಈ ಫೋನ್ ಮನೆಯಲ್ಲಿ ಯಾರ ಹತ್ತಿರ ಇರುತ್ತೆ?’ ಎಂದು ಕೇಳಿ, ಪಕ್ಕದ ಮನೆಯ ನಂಬರನ್ನೂ ಬರೆದುಕೊಂಡಿರಿ.